ಹಳಿಗುಂಟ ಹಳೇ ಊರುಗಳು

ಕಟುಕರ ಬೀದಿಯಲ್ಲಿ ದೆವ್ವದ ಗೊಂಬೆಗಳ ವ್ಯಾಪಾರ. ಬಿಷಪ್ಪರ ಕೋಟೆಯಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್ಲು. ಹಿಟ್ಟಿನ ಗಿರಣಿಯಲ್ಲಿ ಕಲಾ ಗ್ಯಾಲರಿ. ಲಂಡನ್ನಿನಿಂದ ಎಡಿನ್‌ಬರಾಕ್ಕೆ ಹೋಗುವ ಒಂದೇ ರೈಲು ಮಾರ್ಗದಲ್ಲಿ ನಾಲ್ಕು ಕಡೆ ಇಳಿದು ನಡೆದಾಡಿದರೆ ಸಾಕು, ಬ್ರಿಟನ್ನಿನ ಹಳೇ ನಗರಗಳು ಮುದಿಯಾಗದೆ ಉಳಿದ ಗುಟ್ಟು ಗೊತ್ತಾಗುತ್ತದೆ. ಆ ಗುಟ್ಟಿಗೂ ನಮ್ಮ ಬಳ್ಳಾರಿಗೂ ಒಂದು ನಂಟಿದೆ!

ಯಾರ್ಕ್ ನಗರದ ಶಾಂಬಲ್ಸ್ ಬೀದಿ. ಎರಡೂ ಬದಿಯ ಮರದ ಚೌಕಟ್ಟಿನ ಮನೆಗಳ ಮೇಲಂತಸ್ತುಗಳು ಬೀದಿಯತ್ತ ಬಾಗಿ ನಿಂತಿವೆ. ನೆತ್ತಿಯ ಮೇಲೆ ಆಕಾಶ ಒಂದು ಪಟ್ಟಿಯಷ್ಟೇ ಉಳಿದಿದೆ. ಕೆಳಗೆ, ಕಲ್ಲುಹಾಸಿನ ಮೇಲೆ, ಅಂಗಡಿಯೊಂದರ ಬಾಗಿಲಿನಿಂದ ಶುರುವಾದ ಸಾಲು ಬೀದಿಯ ತಿರುವಿನವರೆಗೆ ಬೆಳೆದಿದೆ. ಮಳೆ ಹನಿಯುತ್ತಿದೆ. ಯಾರೂ ಕದಲುತ್ತಿಲ್ಲ.

ಇಷ್ಟು ಜನ ಕಾಯುತ್ತಿರುವುದು ಅಂಗೈಯಲ್ಲಿ ಹಿಡಿಸುವ ದೆವ್ವದ ಗೊಂಬೆಯೊಂದನ್ನು ಕೊಳ್ಳಲು! ಇನ್ನೊಂದು ಅಂಗಡಿಯಲ್ಲಿ ಹ್ಯಾರಿ ಪಾಟರ್‌ನ ಮಂತ್ರದಂಡಗಳು, ಮತ್ತೊಂದರಲ್ಲಿ ಬೆಣ್ಣೆ ಮಿಠಾಯಿ.

ತಲೆ ಎತ್ತಿ ನೋಡಿದರೆ ಅಂಗಡಿಗಳ ಮುಂಗೋಡೆಯಲ್ಲಿ ಕಬ್ಬಿಣದ ಕೊಕ್ಕೆಗಳಿವೆ. ಕಿಟಕಿಯ ಕೆಳಗೆ ಅಗಲವಾದ ಹಲಗೆಗಳಿವೆ. ಕೊಕ್ಕೆ ಇದ್ದದ್ದು ಮಾಂಸ ನೇತುಹಾಕಲು, ಹಲಗೆ ಇದ್ದದ್ದು ಕತ್ತರಿಸಿದ ತುಂಡುಗಳನ್ನು ಜೋಡಿಸಿಡಲು. ಶತಮಾನಗಳ ಕಾಲ ಇದು ಕಟುಕರ ಬೀದಿ. ಸರಕಿನ ಮೇಲೆ ಬಿಸಿಲು ಬೀಳದಿರುವುದಕ್ಕೂ ಈ ಇಕ್ಕಟ್ಟು ಒದಗಿ ಬರುತ್ತಿತ್ತು. 19ನೇ ಶತಮಾನದ ಕೊನೆಯ ದಶಕಗಳಲ್ಲೂ ಇಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಾಂಸದಂಗಡಿಗಳಿದ್ದವು. ಈಗ ಒಂದೂ ಇಲ್ಲ.

ಕಟುಕರು ಹೋದರು, ದೆವ್ವಗಳು ಬಂದವು. ಬೀದಿ ಮಾತ್ರ ವ್ಯಾಪಾರ ನಿಲ್ಲಿಸಲಿಲ್ಲ.

ನಮ್ಮ ಕಡೆಯಿಂದ ಬೇಸಿಗೆ ರಜೆಗೆ ಬ್ರಿಟನ್ನಿಗೆ ಹೋಗುವವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಬಿಗ್ ಬೆನ್, ಬಕಿಂಗ್‌ಹ್ಯಾಮ್ ಅರಮನೆ, ಟವರ್ ಬ್ರಿಜ್, ಸಮಯ ಮಿಕ್ಕರೆ ಸ್ಟೋನ್‌ಹೆಂಜ್. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಹ್ಯಾರಿ ಪಾಟರ್‌ನ ಪ್ಲಾಟ್‌ಫಾರ್ಮಿನ ಮುಂದೆ ಫೋಟೊ ತೆಗೆಸಿಕೊಂಡು ಹಿಂದಿರುಗುವವರೇ ಬಹಳ. ಅದೇ ನಿಲ್ದಾಣದಿಂದ ಉತ್ತರಕ್ಕೆ ಹೊರಡುವ ನಿಜವಾದ ರೈಲು ಹತ್ತುವವರು ಕಡಿಮೆ.

ಅದು ಪೂರ್ವ ಕರಾವಳಿ ಮಾರ್ಗ. ಎಡಿನ್‌ಬರಾಕ್ಕೆ ಸುಮಾರು 630 ಕಿ.ಮೀ., ನಾಲ್ಕೂವರೆ ತಾಸಿನ ಹಾದಿ. ನಡುವೆ ಡಾರ್ಲಿಂಗ್ಟನ್ ಎಂಬ ಊರು ಸಿಗುತ್ತದೆ. 1825ರ ಸೆಪ್ಟೆಂಬರ್ 27ರಂದು ಸ್ಟಾಕ್ಟನ್–ಡಾರ್ಲಿಂಗ್ಟನ್ ಮಾರ್ಗದಲ್ಲಿ ಉಗಿ ಎಂಜಿನ್ನೊಂದು ಕಲ್ಲಿದ್ದಲಿನ ಜೊತೆಗೆ ಜನರನ್ನೂ ಎಳೆದುಕೊಂಡು ಹೊರಟ ದಿನದಿಂದ ಜಗತ್ತಿನ ರೈಲು ಯುಗವನ್ನು ಎಣಿಸುತ್ತಾರೆ. 2025ಕ್ಕೆ ಅದಕ್ಕೆ ಇನ್ನೂರು ವರ್ಷ ತುಂಬಿತು.

ಈ ಹಳಿಗೆ ಪೋಣಿಸಿಕೊಂಡಿರುವ ಯಾರ್ಕ್, ಡರಮ್, ನ್ಯೂಕ್ಯಾಸಲ್, ಎಡಿನ್‌ಬರಾ ನಾಲ್ಕೂ ಸಾವಿರ ವರ್ಷದ ಆಸುಪಾಸಿನ ಅಥವಾ ಅದಕ್ಕೂ ಹಳೆಯ ಊರುಗಳು. ನಾಲ್ಕರಲ್ಲೂ ಹಳೆಯದನ್ನು ಉಳಿಸಿದ್ದು ಭಕ್ತಿಗಿಂತ ಹೆಚ್ಚಾಗಿ ಬಳಕೆ.

ಯಾರ್ಕ್: ಬುನಾದಿ ಅಗೆದರೆ ರೋಮ್

ಕ್ರಿ.ಶ. 71ರಲ್ಲಿ ರೋಮನ್ ಸೈನ್ಯ ಇಲ್ಲಿ ಬೀಡುಬಿಟ್ಟಿತು. 306ರಲ್ಲಿ ಚಕ್ರವರ್ತಿ ಕಾನ್‌ಸ್ಟಾಂಟಿಯಸ್ ಇದೇ ಊರಿನಲ್ಲಿ ತೀರಿಕೊಂಡಾಗ, ಸೈನಿಕರು ಅವನ ಮಗ ಕಾನ್‌ಸ್ಟಾಂಟಿನ್‌ನನ್ನು ಇಲ್ಲೇ ಚಕ್ರವರ್ತಿ ಎಂದು ಸಾರಿದರು. ಮುಂದೆ ರೋಮನ್ ಸಾಮ್ರಾಜ್ಯವನ್ನು ಕ್ರೈಸ್ತ ಧರ್ಮದತ್ತ ತಿರುಗಿಸಿದವನು ಇವನೇ. ಅವನ ಕಂಚಿನ ಪ್ರತಿಮೆ ಈಗ ಯಾರ್ಕ್ ಮಿನ್‌ಸ್ಟರ್ ಚರ್ಚಿನ ಪಕ್ಕದಲ್ಲಿ ಕಾಲು ಚಾಚಿ ಕೂತಿದೆ. ಪ್ರವಾಸಿಗರು ಅವನ ಪೀಠಕ್ಕೆ ಒರಗಿ ಸ್ಯಾಂಡ್‌ವಿಚ್ ತಿನ್ನುತ್ತಾರೆ.

ಮಿನ್‌ಸ್ಟರ್ ಕಟ್ಟಲು ಎರಡೂವರೆ ಶತಮಾನ ಹಿಡಿಯಿತು. 1220ರ ಸುಮಾರಿಗೆ ಶುರುವಾದದ್ದು 1472ಕ್ಕೆ ಮುಗಿಯಿತು. ಮುಗಿಯಿತು ಎನ್ನುವುದೂ ಲೆಕ್ಕಕ್ಕೆ ಮಾತ್ರ. ಇಂದಿಗೂ ಇದಕ್ಕೆ ತನ್ನದೇ ಕಲ್ಲುಕುಟಿಗರ ಕಾರ್ಖಾನೆ ಇದೆ. ಸವೆದ ಕಲ್ಲನ್ನು ತೆಗೆದು ಹೊಸದನ್ನು ಕೆತ್ತಿ ಕೂರಿಸುವ ಕೆಲಸ ಒಂದು ಬದಿಯಲ್ಲಿ ಮುಗಿಯುವಷ್ಟರಲ್ಲಿ ಇನ್ನೊಂದು ಬದಿ ಕರೆಯುತ್ತದೆ.

1967ರಲ್ಲಿ ಎಂಜಿನಿಯರುಗಳು ಎದೆ ನಡುಗಿಸುವ ಸುದ್ದಿ ಕೊಟ್ಟರು: ಮಧ್ಯದ ಮಹಾಗೋಪುರದ ಬುನಾದಿ ಕುಸಿಯುತ್ತಿದೆ. ಕಾಂಕ್ರೀಟು ತುಂಬಲು ನೆಲ ಅಗೆದರೆ ಕೆಳಗೆ ರೋಮನ್ ಸೈನ್ಯದ ಮುಖ್ಯ ಕಚೇರಿಯ ಗೋಡೆಗಳು ಎದ್ದುಬಂದವು. ಗೋಪುರವೂ ಉಳಿಯಿತು, ರೋಮೂ ಸಿಕ್ಕಿತು. ಆ ನೆಲಮಾಳಿಗೆಯೇ ಈಗ ಮ್ಯೂಸಿಯಂ. ಮೇಲೆ ಪ್ರಾರ್ಥನೆ ನಡೆಯುತ್ತಿರುವಾಗ ಕೆಳಗೆ ನೀವು ಸಾವಿರದ ಒಂಬೈನೂರು ವರ್ಷ ಹಿಂದಕ್ಕೆ ಇಳಿದಿರುತ್ತೀರಿ.

1984ರ ಜುಲೈ 9ರ ನಸುಕಿನಲ್ಲಿ ದಕ್ಷಿಣ ಭಾಗದ ಚಾವಣಿಗೆ ಬೆಂಕಿ ಬಿತ್ತು. ಸಿಡಿಲಿನಿಂದ ಬಿದ್ದಿರಬೇಕೆಂದು ತನಿಖೆ ಹೇಳಿತು. ಚಾವಣಿ ಉರಿದು ಬಿತ್ತು. ಬಣ್ಣದ ಗಾಜಿನ ರೋಸ್ ವಿಂಡೋ ಶಾಖಕ್ಕೆ ಸುಮಾರು 40,000 ಕಡೆ ಬಿರುಕು ಬಿಟ್ಟಿತು. ಆದರೆ ಬೀಳಲಿಲ್ಲ! ಬೆಂಕಿಗೆ ಮೊದಲೇ ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳನ್ನು ಹೊಸದಾಗಿ ಹಾಕಿದ್ದು ಕೈಹಿಡಿಯಿತು. ದಿನನಿತ್ಯದ ದುರಸ್ತಿ ಎಂಬ ನೀರಸ ಕೆಲಸದ ಬೆಲೆ ಎಷ್ಟೆಂದು ಕೇಳುವವರಿಗೆ ಈ ಕಿಟಕಿ ತೋರಿಸಬೇಕು.

ಊರನ್ನು ಸುತ್ತುವರಿದ ಕೋಟೆಗೋಡೆಯ ಕಥೆ ಇನ್ನೂ ಸ್ವಾರಸ್ಯದ್ದು. 1800ರಲ್ಲಿ ಯಾರ್ಕ್ ನಗರಸಭೆಯೇ ಇದನ್ನು ಕೆಡವಲು ಹೊರಟಿತ್ತು. ಗಾಡಿ ಓಡಾಟಕ್ಕೆ ಅಡ್ಡಿ, ದುರಸ್ತಿಗೆ ದಂಡ ಎಂಬ ಎಲ್ಲ ಊರುಗಳ ಹಳೇ ವಾದ. ಅಲ್ಲಲ್ಲಿ ಕೆಡವಿದ್ದೂ ಆಯಿತು. ವಿರೋಧ ಎದ್ದು, ಚಂದಾ ಎತ್ತಿ, ಉಳಿದದ್ದನ್ನು ಉಳಿಸಿಕೊಂಡರು. ಈಗ 3.4 ಕಿ.ಮೀ. ಉದ್ದದ ಆ ಗೋಡೆಯೇ ಊರಿನ ಕಾಲುದಾರಿ. ಟಿಕೆಟ್ ಇಲ್ಲ. ಬೆಳಿಗ್ಗೆ ಕಚೇರಿಗೆ ಹೋಗುವವರು ರಸ್ತೆಯ ಸಿಗ್ನಲ್ ತಪ್ಪಿಸಿಕೊಳ್ಳಲು ಗೋಡೆಯ ಮೇಲೆ ನಡೆಯುತ್ತಾರೆ. ವಸಂತದಲ್ಲಿ ಗೋಡೆಯ ಇಳಿಜಾರಿಗೆ ಹಳದಿ ಡ್ಯಾಫೊಡಿಲ್ ಹೂವು ಮುತ್ತಿಕೊಳ್ಳುತ್ತದೆ.

ಹೂವಿನ ನಡುವೆಯೇ ಒಂದು ಕಪ್ಪು ಚುಕ್ಕೆ. ಡ್ಯಾಫೊಡಿಲ್ ತುಂಬಿದ ದಿಬ್ಬದ ಮೇಲೆ ನಿಂತ ಕ್ಲಿಫರ್ಡ್ಸ್ ಟವರ್ ಫೋಟೊಗೆ ಬಲು ಚೆಂದ. 1190ರ ಮಾರ್ಚ್‌ನಲ್ಲಿ ಊರಿನ ಯೆಹೂದ್ಯರು ಗಲಭೆಗೆ ಹೆದರಿ ಇದೇ ದಿಬ್ಬದ ಮೇಲಿದ್ದ ಮರದ ಗೋಪುರದಲ್ಲಿ ಆಶ್ರಯ ಪಡೆದರು. ಹೊರಗೆ ಕಾದು ನಿಂತ ಗುಂಪಿನ ಕೈಗೆ ಸಿಗುವ ಬದಲು ಹಲವರು ಒಳಗೇ ಪ್ರಾಣ ಬಿಟ್ಟರು, ಹೊರಬಂದವರನ್ನು ಕೊಂದರು. ಸತ್ತವರು ಸುಮಾರು 150 ಮಂದಿ. ದಿಬ್ಬದ ಬುಡದ ಫಲಕ ಓದಿಯೇ ಮೆಟ್ಟಿಲು ಹತ್ತಬೇಕು.

ಕೈಗಾರಿಕಾ ಕ್ರಾಂತಿ ಬಂದಾಗ ಯಾರ್ಕ್ ಹಿಡಿದದ್ದು ಎರಡೇ ಕಸುಬು: ರೈಲು ಮತ್ತು ಚಾಕೊಲೇಟು. 1935ರಲ್ಲಿ ಇಲ್ಲಿನ ರೌಂಟ್ರೀ ಕಾರ್ಖಾನೆ ಹೊರತಂದ ನಾಲ್ಕು ಬೆರಳಿನ ವೇಫರ್ ಚಾಕೊಲೇಟೇ ಎರಡು ವರ್ಷದ ನಂತರ ಕಿಟ್‌ಕ್ಯಾಟ್ ಎಂಬ ಹೆಸರು ಹೊತ್ತು ನಮ್ಮೂರ ಗೂಡಂಗಡಿಯವರೆಗೂ ಬಂದದ್ದು. ಅದೇ ಮನೆತನದ ಸೀಬೋಮ್ ರೌಂಟ್ರೀ ಯಾರ್ಕಿನ ಕಾರ್ಮಿಕರ ಮನೆಮನೆಗೂ ಸಮೀಕ್ಷೆ ಮಾಡಿಸಿ 1901ರಲ್ಲಿ ಬಡತನದ ಕುರಿತ ಪುಸ್ತಕ ಪ್ರಕಟಿಸಿದ. ಬಡತನದ ರೇಖೆ ಎಂಬ ಕಲ್ಪನೆಗೆ ಬುನಾದಿ ಹಾಕಿದ ಕೃತಿಗಳಲ್ಲಿ ಅದೂ ಒಂದು.

ನಿಲ್ದಾಣದ ಹಿಂದಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗೆ ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 126 ಮೈಲು, ಅಂದರೆ ಸುಮಾರು 203 ಕಿ.ಮೀ. ವೇಗದಲ್ಲಿ ಓಡಿ ಉಗಿ ಎಂಜಿನ್ನುಗಳ ದಾಖಲೆ ಬರೆದ ನೀಲಿ ಬಣ್ಣದ ‘ಮ್ಯಾಲರ್ಡ್’ ಈ ಮ್ಯೂಸಿಯಂನ ಹೆಮ್ಮೆ. ಮಕ್ಕಳಿದ್ದರೆ ಅರ್ಧ ದಿನ ಇಲ್ಲೇ ಹೋಯಿತೆಂದು ತಿಳಿಯಿರಿ.

[ಬಾಕ್ಸ್] ಮೂಗು ಮುಚ್ಚಿಕೊಂಡು ನೋಡಿ

* ಯಾರ್ಕ್ 866ರಲ್ಲಿ ಸ್ಕ್ಯಾಂಡಿನೇವಿಯಾದ ದಾಳಿಕೋರರಾದ ವೈಕಿಂಗರ ಕೈಸೇರಿತು. 1976ರಿಂದ 1981ರವರೆಗೆ ಕಾಪರ್‌ಗೇಟ್‌ನಲ್ಲಿ ನಡೆದ ಉತ್ಖನನದಲ್ಲಿ ಸುಮಾರು 40,000 ವಸ್ತುಗಳು ಸಿಕ್ಕವು. ಒದ್ದೆ ಮಣ್ಣಿನಲ್ಲಿ ಮರ, ಚರ್ಮ, ಬಟ್ಟೆ ಕೂಡ ಕೊಳೆಯದೆ ಉಳಿದಿದ್ದವು.
* ಅದೇ ಜಾಗದಲ್ಲಿ 1984ರಲ್ಲಿ ತೆರೆದ ಯೋರ್ವಿಕ್ ಕೇಂದ್ರದಲ್ಲಿ ವೈಕಿಂಗರ ಬೀದಿಯನ್ನು ಮರುಸೃಷ್ಟಿಸಿದ್ದಾರೆ. ಆ ಕಾಲದ ವಾಸನೆ ಸಮೇತ!
* ಇಲ್ಲಿನ ಅಮೂಲ್ಯ ನಿಧಿಗಳಲ್ಲೊಂದು 1972ರಲ್ಲಿ ಬ್ಯಾಂಕ್ ಕಟ್ಟಡವೊಂದರ ಜಾಗದಲ್ಲಿ ಸಿಕ್ಕಿದ್ದು. ಸಾವಿರ ವರ್ಷದ ಹಿಂದಿನ ವೈಕಿಂಗನೊಬ್ಬನ ಗಟ್ಟಿಗೊಂಡ ಮಲ, ಉದ್ದ ಸುಮಾರು 20 ಸೆಂ.ಮೀ. ಅವನು ತಿಂದದ್ದು ಮಾಂಸ ಮತ್ತು ರೊಟ್ಟಿ, ಹೊಟ್ಟೆಯ ತುಂಬ ಜಂತುಹುಳ ಎಂಬುದು ಅದರಿಂದ ಗೊತ್ತಾಯಿತು.

ಡರಮ್: ಕೋಟೆಯಲ್ಲಿ ತಿಂಡಿ, ಚರ್ಚಿನಲ್ಲಿ ಬಾವುಟ

ಯಾರ್ಕ್ ಬಿಟ್ಟು ಮುಕ್ಕಾಲು ಗಂಟೆಗೆ ರೈಲು ಒಂದು ಎತ್ತರದ ಕಮಾನು ಸೇತುವೆಯ ಮೇಲೆ ನಿಧಾನಿಸುತ್ತದೆ. ಬಲಗಡೆಯ ಕಿಟಕಿಯವರು ಮಾತು ನಿಲ್ಲಿಸುತ್ತಾರೆ. ಕಾಡು ಮುಚ್ಚಿದ ಗುಡ್ಡದ ನೆತ್ತಿಯಲ್ಲಿ ಅಕ್ಕಪಕ್ಕ ಒಂದು ಕ್ಯಾಥೆಡ್ರಲ್, ಒಂದು ಕೋಟೆ. ಗುಡ್ಡದ ಮೂರು ಕಡೆ ವೇರ್ ನದಿಯ ತಿರುವು.

ಕೋಟೆ ಕಟ್ಟಲು ಶುರುಮಾಡಿದ್ದು 1072ರಲ್ಲಿ. ಕ್ಯಾಥೆಡ್ರಲ್‌ನ ಕೆಲಸ ಶುರುವಾದದ್ದು 1093ರಲ್ಲಿ. ಸ್ಕಾಟ್ಲೆಂಡ್‌ನ ಗಡಿ ಕಾಯುವ ಹೊಣೆ ಹೊತ್ತ ಇಲ್ಲಿನ ಬಿಷಪ್ಪರು ಹೆಸರಿಗೆ ಮಾತ್ರ ಧರ್ಮಗುರುಗಳು. ಸೈನ್ಯ ಕಟ್ಟುತ್ತಿದ್ದರು, ತೆರಿಗೆ ಎತ್ತುತ್ತಿದ್ದರು, ನಾಣ್ಯ ಟಂಕಿಸುತ್ತಿದ್ದರು.

ಆ ಗತ್ತು ಕರಗಿದಾಗ ಕೋಟೆಯನ್ನು ಏನು ಮಾಡುವುದು? 1832ರಲ್ಲಿ ಹುಟ್ಟಿದ ಡರಮ್ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಅಂದಿನಿಂದ ಇದು ಯೂನಿವರ್ಸಿಟಿ ಕಾಲೇಜು. ವಿದ್ಯಾರ್ಥಿಗಳು ವಾಸ ಮಾಡುವುದು ಇಲ್ಲೇ, ಬಿಷಪ್ಪರ ಗ್ರೇಟ್ ಹಾಲಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದೂ ಇಲ್ಲೇ. ಕೋಟೆ ನೋಡಲು ಗೈಡ್ ಜೊತೆಗೇ ಹೋಗಬೇಕು, ಅದೂ ಪರೀಕ್ಷೆ, ಪದವಿ ಪ್ರದಾನ ಇಲ್ಲದ ದಿನ. ಯುನೆಸ್ಕೊದ ವಿಶ್ವ ಪರಂಪರೆಯ ತಾಣದಲ್ಲಿ ಯಾರೋ ಕಾಲುಚೀಲ ಒಣಹಾಕಿರುವುದು ಕಂಡರೆ ಬೇಸರಪಡಬೇಡಿ. ಅವರು ಅಲ್ಲಿನ ನಿವಾಸಿಗಳು.

ಕ್ಯಾಥೆಡ್ರಲ್ ಒಳಗೆ ದೈತ್ಯಗಾತ್ರದ ಕಂಬಗಳು. ಒಂದರ ಮೇಲೆ ಅಂಕುಡೊಂಕು ಗೆರೆ, ಇನ್ನೊಂದರ ಮೇಲೆ ವಜ್ರಾಕೃತಿ, ಮತ್ತೊಂದರ ಮೇಲೆ ಸುರುಳಿ. ಪಕ್ಕೆಲುಬಿನಂಥ ಕಲ್ಲಿನ ಏಣುಗಳು ಹೊತ್ತು ನಿಂತ ಚಾವಣಿ ಯುರೋಪಿನ ವಾಸ್ತುಶಿಲ್ಪದ ಮುಂದಿನ ದಾರಿಯನ್ನೇ ಬದಲಿಸಿತು. ಬಾಗಿಲು ಬಡಿಯಲು ಸಿಂಹಮುಖದ ಕಂಚಿನ ಬಳೆ ಇದೆ. ಮಧ್ಯಯುಗದಲ್ಲಿ ಅಪರಾಧಿಯೊಬ್ಬ ಓಡಿಬಂದು ಇದನ್ನು ಬಡಿದರೆ 37 ದಿನ ಆಶ್ರಯ. ಅಷ್ಟರೊಳಗೆ ರಾಜಿ ಮಾಡಿಕೊಳ್ಳಬೇಕು ಇಲ್ಲವೇ ದೇಶ ಬಿಡಬೇಕು. ಈಗ ಬಾಗಿಲ ಮೇಲಿರುವುದು ನಕಲು. ಅಸಲಿ ಬಳೆ ಒಳಗೆ ಭದ್ರವಾಗಿದೆ.

ಆಶ್ರಯ ಕೊಟ್ಟ ಮನೆಯೇ ಒಮ್ಮೆ ಸೆರೆಮನೆಯೂ ಆಯಿತು. 1650ರಲ್ಲಿ ಡನ್‌ಬಾರ್ ಕದನದಲ್ಲಿ ಗೆದ್ದ ಇಂಗ್ಲಿಷ್ ಸೇನಾನಿ ಕ್ರಾಮ್‌ವೆಲ್‌ನ ಸೈನ್ಯ ಸುಮಾರು 3,000 ಸ್ಕಾಟಿಷ್ ಸೈನಿಕರನ್ನು ತಂದು ಇಲ್ಲಿ ಕೂಡಿಹಾಕಿತು. ಚಳಿ, ಹಸಿವು, ಭೇದಿ. ನೂರಾರು ಜನ ಸತ್ತರು. ಅವರನ್ನು ಎಲ್ಲಿ ಹೂಳಿದರೆಂಬುದು ಶತಮಾನಗಳ ಒಗಟಾಗಿತ್ತು. 2013ರಲ್ಲಿ ಪಕ್ಕದ ಗ್ರಂಥಾಲಯಕ್ಕೆ ಕೆಫೆ ಕಟ್ಟಲು ನೆಲ ಅಗೆದಾಗ ಮೂಳೆಗಳು ಸಿಕ್ಕವು. ಅವು ಆ ಸೈನಿಕರವೇ ಎಂದು ಸಂಶೋಧಕರು ಖಚಿತಪಡಿಸಿದರು. 2018ರಲ್ಲಿ ಮರುಸಂಸ್ಕಾರವಾಯಿತು.

ಡರಮ್ ಊರನ್ನು ಅದರ ಪೂರ್ತಿ ಸದ್ದಿನೊಂದಿಗೆ ಕೇಳಬೇಕೆಂದರೆ ಜುಲೈ ತಿಂಗಳ ಎರಡನೇ ಶನಿವಾರ ಹೋಗಿ. ಅಂದು ಗಣಿ ಕಾರ್ಮಿಕರ ಜಾತ್ರೆ. 1871ರಲ್ಲಿ ಶುರುವಾದದ್ದು. ಒಂದೊಂದು ಗಣಿ ಊರಿಗೂ ತನ್ನದೇ ರೇಷ್ಮೆ ಬಾವುಟ, ತನ್ನದೇ ಹಿತ್ತಾಳೆ ವಾದ್ಯಗಳ ಮೇಳ. ಇಕ್ಕಟ್ಟಿನ ಬೀದಿಗಳಲ್ಲಿ ಮೆರವಣಿಗೆ ಹೊರಟು ನದಿ ಪಕ್ಕದ ಮೈದಾನ ಸೇರುತ್ತದೆ, ಕಾರ್ಮಿಕ ನಾಯಕರ ಬಿರುಸಿನ ಭಾಷಣ ನಡೆಯುತ್ತದೆ, ಮಧ್ಯಾಹ್ನ ಹೊಸ ಬಾವುಟಗಳನ್ನು ಕ್ಯಾಥೆಡ್ರಲ್ಲಿಗೆ ಒಯ್ದು ಹರಸುತ್ತಾರೆ.

ಸೋಜಿಗವೆಂದರೆ ಈ ಸೀಮೆಯ ಕೊನೆಯ ಆಳದ ಗಣಿ 1990ರ ದಶಕದ ಆರಂಭದಲ್ಲೇ ಮುಚ್ಚಿತು. ಗಣಿ ಹೋಯಿತು, ಜಾತ್ರೆಗೆ ಜನ ಮಾತ್ರ ಕಡಿಮೆಯಾಗಲಿಲ್ಲ. ಅಜ್ಜ ಕೆಲಸ ಮಾಡಿದ ಗಣಿಯ ಬಾವುಟವನ್ನು ಗಣಿಯ ಕತ್ತಲನ್ನೇ ಕಾಣದ ಮೊಮ್ಮಕ್ಕಳು ಎತ್ತಿ ಹಿಡಿಯುತ್ತಾರೆ.

[ಬಾಕ್ಸ್] ರೈಲು ಹತ್ತುವ ಮುನ್ನ

* ಲಂಡನ್–ಯಾರ್ಕ್ ಸುಮಾರು ಎರಡು ತಾಸು. ಯಾರ್ಕ್–ಡರಮ್ ಮುಕ್ಕಾಲು ಗಂಟೆ. ಡರಮ್–ನ್ಯೂಕ್ಯಾಸಲ್ ಕಾಲು ಗಂಟೆ. ನ್ಯೂಕ್ಯಾಸಲ್–ಎಡಿನ್‌ಬರಾ ಒಂದೂವರೆ ತಾಸು.
* ವಾರಗಳ ಮುಂಚೆ ಕಾದಿರಿಸುವ ‘ಅಡ್ವಾನ್ಸ್’ ಟಿಕೆಟ್ ಅಗ್ಗ. ಆದರೆ ನಡುವೆ ಇಳಿದು ಊರು ನೋಡಿ ಮತ್ತೆ ಹತ್ತಲು ಅದರಲ್ಲಿ ಅವಕಾಶವಿಲ್ಲ. ಪ್ರತಿ ಊರಿಗೂ ಬೇರೆ ಬೇರೆ ಟಿಕೆಟ್ ತೆಗೆಯಿರಿ.
* ಉತ್ತರಕ್ಕೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಡರಮ್ ಕ್ಯಾಥೆಡ್ರಲ್, ನ್ಯೂಕ್ಯಾಸಲ್ ದಾಟಿದ ಮೇಲೆ ಉತ್ತರ ಸಮುದ್ರ, ಎರಡೂ ಆ ಬದಿಗೇ.
* ಕ್ಯಾಥೆಡ್ರಲ್‌ಗಳ ಸಂಜೆ ಪ್ರಾರ್ಥನೆಗೆ ಟಿಕೆಟ್ ಇಲ್ಲ, ಯಾವ ಧರ್ಮದವರೂ ಕೂರಬಹುದು. ಗಾಯನ ವೃಂದದ ಹಾಡು ಕಲ್ಲಿನ ಚಾವಣಿಯಲ್ಲಿ ಮೊಳಗುವುದನ್ನು ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.
* ಸಸ್ಯಾಹಾರಿಗಳಿಗೆ: ಯಾರ್ಕ್‌ಷೈರ್ ಪುಡ್ಡಿಂಗ್ ಸಿಹಿಯಲ್ಲ, ಅದರಲ್ಲಿ ಮೊಟ್ಟೆ ಇರುತ್ತದೆ. ನ್ಯೂಕ್ಯಾಸಲ್‌ನ ದಪ್ಪ ಸ್ಟಾಟಿ ರೊಟ್ಟಿಗೆ ಹಚ್ಚುವ ಪೀಸ್ ಪುಡ್ಡಿಂಗ್ ನಮ್ಮ ಗಟ್ಟಿ ತೊವ್ವೆಯಂತೆ ಕಂಡರೂ ಹಂದಿಮಾಂಸದ ಸಾರಿನಲ್ಲಿ ಬೇಯಿಸುವುದುಂಟು, ಕೇಳಿ ತಿನ್ನಿ. ಎಡಿನ್‌ಬರಾದಲ್ಲಿ ಕಾಳು, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಸುಲಭವಾಗಿ ಸಿಗುತ್ತದೆ.

ನ್ಯೂಕ್ಯಾಸಲ್: ಸೇತುವೆಯ ಮೇಲೆ ಹಕ್ಕಿ ಸಂಸಾರ

ನ್ಯೂಕ್ಯಾಸಲ್‌ಗೆ ಹಳೆಯದರ ಮೇಲೆ ಮಮತೆ ತುಸು ಕಡಿಮೆ. ಊರಿಗೆ ಹೆಸರು ಕೊಟ್ಟ ಕೋಟೆಯನ್ನು 1080ರಲ್ಲಿ ಕಟ್ಟಿದರು. 1840ರ ದಶಕದಲ್ಲಿ ರೈಲು ಬಂದಾಗ ಹಳಿ ಹಾಕಿದ್ದು ಆ ಕೋಟೆಯ ನಟ್ಟನಡುವೆ! ಹೆಬ್ಬಾಗಿಲು ಒಂದು ಕಡೆ, ಮುಖ್ಯ ಗೋಪುರ ಇನ್ನೊಂದು ಕಡೆ, ನಡುವೆ ದಿನವಿಡೀ ರೈಲು. ಗೋಪುರದ ನೆತ್ತಿಯಲ್ಲಿ ನಿಂತರೆ ಕಾಲಡಿಯಲ್ಲೇ ಎಡಿನ್‌ಬರಾದ ಗಾಡಿ ಹಾದುಹೋಗುತ್ತದೆ.

ಆ ಅವಸರಕ್ಕೆ ಕಾರಣವಿತ್ತು. ಕಲ್ಲಿದ್ದಲು, ಹಡಗು, ಎಂಜಿನ್ನು ಈ ಊರಿನ ಉಸಿರು. 1825ರ ಆ ಮೊದಲ ರೈಲನ್ನು ಎಳೆದ ‘ಲೊಕೊಮೋಷನ್’ ತಯಾರಾದದ್ದು ಇಲ್ಲಿನ ಸ್ಟೀಫನ್‌ಸನ್ ಕಾರ್ಖಾನೆಯಲ್ಲಿ. ನಿಲ್ದಾಣದ ಸಮೀಪದ ಲಿಟ್ ಅಂಡ್ ಫಿಲ್ ಗ್ರಂಥಾಲಯದ ಉಪನ್ಯಾಸ ಕೊಠಡಿಯನ್ನು 1880ರಲ್ಲಿ ಜೋಸೆಫ್ ಸ್ವಾನ್ ತಾನು ರೂಪಿಸಿದ ವಿದ್ಯುತ್ ಬಲ್ಬುಗಳಿಂದ ಬೆಳಗಿಸಿ ಊರನ್ನು ಬೆರಗುಗೊಳಿಸಿದ.

ಟೈನ್ ನದಿಯ ದಂಡೆಗೆ ಇಳಿದರೆ ಸೇತುವೆಗಳ ಸಾಲು. 1849ರ ಹೈ ಲೆವೆಲ್ ಸೇತುವೆಯಲ್ಲಿ ಮೇಲೆ ರೈಲು, ಕೆಳಗೆ ರಸ್ತೆ. 1876ರ ಸ್ವಿಂಗ್ ಸೇತುವೆ ಹಡಗಿಗೆ ದಾರಿ ಬಿಡಲು ಅಡ್ಡಡ್ಡ ತಿರುಗುವಂತೆ ಕಟ್ಟಿದ್ದು. 2001ರ ಮಿಲೇನಿಯಮ್ ಸೇತುವೆ ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ, ಹಡಗು ಬಂದರೆ ಅದು ರೆಪ್ಪೆ ತೆರೆದ ಕಣ್ಣಿನ ಆಕಾರದಲ್ಲಿ ಮೇಲೇಳುತ್ತದೆ.

ಎಲ್ಲಕ್ಕೂ ಹೆಚ್ಚು ಸದ್ದು 1928ರ ಹಸಿರು ಕಮಾನಿನ ಟೈನ್ ಸೇತುವೆಯಲ್ಲಿ. ಸದ್ದು ವಾಹನಗಳದ್ದಲ್ಲ. ಕಿಟಿವೇಕ್ ಎಂಬ ಕಡಲಹಕ್ಕಿ ವಸಂತದಲ್ಲಿ ಬಂದು ಅದರ ಕಲ್ಲಿನ ಗೋಪುರದ ಅಂಚುಗಳಲ್ಲಿ ಸಾಲಾಗಿ ಗೂಡು ಕಟ್ಟುತ್ತದೆ. ಕಡಲ ಬಂಡೆಗಳಲ್ಲಿ ಸಂಸಾರ ಹೂಡುವ ಈ ಹಕ್ಕಿ ಸಮುದ್ರದಿಂದ ಇಷ್ಟು ಒಳಗೆ ಬಂದು ಮರಿ ಮಾಡುವುದು ಬೇರೆಲ್ಲೂ ಇಲ್ಲ. ಅದರ ಹಿಕ್ಕೆ ಕೆಳಗೆ ನಡೆಯುವವರ ಭುಜಕ್ಕೂ ಬೀಳುತ್ತದೆ. ಊರಿನಲ್ಲಿ ಈ ಬಗ್ಗೆ ಎರಡು ಪಕ್ಷಗಳಿವೆ, ಆದರೆ ಹಕ್ಕಿಗಳದ್ದೇ ಗೆಲುವು.

ನದಿಯಾಚೆ ಬಾಲ್ಟಿಕ್ ಎಂಬ ಭಾರಿ ಹಿಟ್ಟಿನ ಗಿರಣಿ ಇತ್ತು. 1980ರ ದಶಕದ ಆರಂಭದಲ್ಲಿ ಮುಚ್ಚಿದ ಮೇಲೆ ಅಲ್ಲೂ ಕಿಟಿವೇಕ್‌ಗಳದ್ದೇ ರಾಜ್ಯ. ಅದನ್ನು ಸಮಕಾಲೀನ ಕಲೆಯ ಗ್ಯಾಲರಿ ಮಾಡಲು ಹೊರಟಾಗ ಹಕ್ಕಿಗಳಿಗೆಂದೇ ಬೇರೆ ಗೋಪುರವೊಂದನ್ನು ಕಟ್ಟಿಕೊಟ್ಟರು. ಒಕ್ಕಲೆಬ್ಬಿಸಿದವರಿಗೆ ಬದಲಿ ನಿವೇಶನ! 2002ರಲ್ಲಿ ತೆರೆದ ಗ್ಯಾಲರಿಗೆ ಪ್ರವೇಶ ಉಚಿತ. ಮೇಲಂತಸ್ತಿನಿಂದ ಸೇತುವೆಗಳ ಸಾಲು ಒಂದೇ ನೋಟಕ್ಕೆ ಸಿಗುತ್ತದೆ.

ಊರಿನ ಜನರ ನಡುವೆ ನಿಲ್ಲಬೇಕೆಂದರೆ 1835ರ ಗ್ರೇಂಜರ್ ಮಾರ್ಕೆಟ್ಟಿಗೆ ಹೋಗಿ. ತರಕಾರಿ, ಮೀನು, ಹೂವು, ಬಿಸಿ ಬನ್ನು ಎಲ್ಲ ಒಂದೇ ಸೂರಿನಡಿ. ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನ 1895ರ ‘ಪೆನ್ನಿ ಬಜಾರ್’ ಮಳಿಗೆ ಇನ್ನೂ ಇಲ್ಲಿದೆ. ಸರಕು ತೂಗುತ್ತಿದ್ದ ತೂಕದ ಮನೆಯೂ ಇದೆ. ಈಗ ಅಲ್ಲಿ ತೂಗುವುದು ಮನುಷ್ಯರನ್ನು. ಚಿಲ್ಲರೆ ಕೊಟ್ಟು, ತಕ್ಕಡಿ ಹತ್ತಿ, ಚೀಟಿ ಪಡೆದು, ನಿಟ್ಟುಸಿರು ಬಿಟ್ಟು ಹೋಗುವವರ ಸಾಲು ನೋಡುವುದೇ ಒಂದು ಮನರಂಜನೆ.

ಎಡಿನ್‌ಬರಾ: ಕರೆಯದೆ ಬಂದವರ ಹಬ್ಬ

ರೈಲು ಬರ್ವಿಕ್ ಊರಿನ 28 ಕಮಾನುಗಳ ಸೇತುವೆ ದಾಟಿ, ಕಡಲಂಚಿನಲ್ಲಿ ಓಡಿ, ವೇವರ್ಲಿ ನಿಲ್ದಾಣಕ್ಕೆ ಬರುತ್ತದೆ. ನಿಲ್ದಾಣಕ್ಕೆ ಈ ಹೆಸರು ಬಂದದ್ದು ವಾಲ್ಟರ್ ಸ್ಕಾಟ್‌ನ ಕಾದಂಬರಿಯಿಂದ. ಹೊರಬಂದರೆ 61 ಮೀಟರ್ ಎತ್ತರದ ಸ್ಕಾಟ್ ಸ್ಮಾರಕ. ಕಾದಂಬರಿಕಾರನಿಗೆ ಇಷ್ಟೆತ್ತರದ ಗೋಪುರ ಕಟ್ಟಿದ ಊರುಗಳು ಜಗತ್ತಿನಲ್ಲಿ ವಿರಳ.

ನಿಲ್ದಾಣದ ನೆತ್ತಿಯ ಹೋಟೆಲ್ಲಿನ ಗಡಿಯಾರ ಮೂರು ನಿಮಿಷ ಮುಂದಿದೆ. ಕೆಟ್ಟಿಲ್ಲ. ಪ್ರಯಾಣಿಕರು ರೈಲು ತಪ್ಪಿಸಿಕೊಳ್ಳಬಾರದೆಂದು ಬೇಕೆಂದೇ ಹಾಗಿಟ್ಟಿದ್ದಾರೆ. ವರ್ಷದ ಕೊನೆಯ ರಾತ್ರಿ ಮಾತ್ರ ಸರಿಯಾದ ಸಮಯ ತೋರಿಸುತ್ತದೆ. ನಿಖರವಾದ ಸಮಯ ಬೇಕಿದ್ದವರಿಗೆ ಕೋಟೆಯಿಂದ ಮಧ್ಯಾಹ್ನ ಒಂದಕ್ಕೆ ತೋಪು ಹಾರುತ್ತದೆ. 1861ರಲ್ಲಿ ಬಂದರಿನ ಹಡಗುಗಳಿಗಾಗಿ ಶುರುವಾದದ್ದು, ಭಾನುವಾರ ಬಿಟ್ಟರೆ ಬಹುತೇಕ ದಿನವೂ ಉಂಟು. ಢಮ್ಮೆಂದಾಗ ಬೆಚ್ಚಿಬಿದ್ದವರು ಪ್ರವಾಸಿಗರು, ಗಡಿಯಾರ ನೋಡಿಕೊಂಡವರು ಊರಿನವರು.

ಬಂಡೆಯ ಮೇಲಿನ ಕೋಟೆಯಿಂದ ಹೋಲಿರೂಡ್ ಅರಮನೆಯವರೆಗೆ ಇಳಿಯುವ ರಾಯಲ್ ಮೈಲ್ ಹಳೇ ಊರಿನ ಬೆನ್ನುಮೂಳೆ. ಅದರ ಇಬ್ಬದಿಗೂ ಕವಲೊಡೆಯುವ ಇಕ್ಕಟ್ಟಿನ ಓಣಿಗಳು. ಗುಡ್ಡದ ಮೇಲೆ ಜಾಗ ಸಾಲದೆ ಜನ ಆಕಾಶಕ್ಕೆ ಬೆಳೆದರು. ಹತ್ತು ಅಂತಸ್ತಿನ ಕಲ್ಲಿನ ಮನೆಗಳು 17ನೇ ಶತಮಾನಕ್ಕೇ ಎದ್ದಿದ್ದವು. ಒಂದೇ ಮೆಟ್ಟಿಲನ್ನು ನ್ಯಾಯಾಧೀಶನೂ ತುಳಿಯುತ್ತಿದ್ದ, ನೀರು ಹೊರುವವನೂ ತುಳಿಯುತ್ತಿದ್ದ.

1767ರಲ್ಲಿ ಜೇಮ್ಸ್ ಕ್ರೇಗ್ ಎಂಬ ಯುವ ವಾಸ್ತುಶಿಲ್ಪಿಯ ನಕ್ಷೆಗೆ ಒಪ್ಪಿಗೆ ಸಿಕ್ಕಿತು. ಕಣಿವೆಯಾಚೆ ನೇರ ಬೀದಿ, ಅಗಲ ಚೌಕಗಳ ಹೊಸ ಊರು ಎದ್ದಿತು. ಉಳ್ಳವರು ಅತ್ತ ಹೋದರು. ಹಳೇ ಊರು ಕೊಳಚೆಯಾಯಿತು. 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರುವಾಗ ಎರಡೂ ಒಟ್ಟಿಗೇ ಸೇರಿದವು.

ಆಗಸ್ಟಿನಲ್ಲಿ ಬಂದರೆ ಊರಿಗೆ ಹುಚ್ಚು ಹಿಡಿದಿರುತ್ತದೆ. ಎರಡನೇ ಮಹಾಯುದ್ಧದ ಗಾಯ ಆರಲೆಂದು 1947ರಲ್ಲಿ ಅಂತರರಾಷ್ಟ್ರೀಯ ಕಲಾ ಉತ್ಸವ ಶುರುವಾಯಿತು. ಆಹ್ವಾನವಿಲ್ಲದ ಎಂಟು ನಾಟಕ ತಂಡಗಳು ತಾವಾಗಿಯೇ ಬಂದು, ಸಿಕ್ಕ ಜಾಗದಲ್ಲಿ ಆಡಿದವು. ಆ ಎಂಟು ತಂಡಗಳ ವಂಶವೇ ಇಂದಿನ ‘ಫ್ರಿಂಜ್’. ಇಲ್ಲಿ ಆಯ್ಕೆ ಸಮಿತಿಯೇ ಇಲ್ಲ. ಜಾಗ ಹೊಂದಿಸಿಕೊಂಡವರೆಲ್ಲ ಕಲಾವಿದರು. ಸುಮಾರು 5 ಲಕ್ಷ ಜನಸಂಖ್ಯೆಯ ಊರಿನಲ್ಲಿ ಒಂದು ತಿಂಗಳೊಳಗೆ 25 ಲಕ್ಷಕ್ಕೂ ಹೆಚ್ಚು ಟಿಕೆಟ್ ಖರ್ಚಾಗುತ್ತವೆ.

ಚರ್ಚು, ಪಬ್ಬಿನ ಹಿಂಗೋಣೆ, ವೈದ್ಯಕೀಯ ಕಾಲೇಜಿನ ಉಪನ್ಯಾಸ ಕೊಠಡಿ, ನೆಲಮಾಳಿಗೆ ಎಲ್ಲವೂ ರಂಗಸ್ಥಳ. ರಾಯಲ್ ಮೈಲಿನಲ್ಲಿ ಹತ್ತು ಹೆಜ್ಜೆಗೊಬ್ಬರು ಕರಪತ್ರ ತುರುಕುತ್ತಾರೆ. ಆಡುವವರು ಹತ್ತು, ನೋಡುವವರು ಮೂರು ಮಂದಿ ಇರುವ ನಾಟಕಗಳೂ ಉಂಟು. 2013ರಲ್ಲಿ ಇಲ್ಲಿ ಏಕವ್ಯಕ್ತಿ ಪ್ರಯೋಗವಾಗಿ ಶುರುವಾದ ‘ಫ್ಲೀಬ್ಯಾಗ್’ ಮುಂದೆ ಜಗತ್ಪ್ರಸಿದ್ಧ ಟಿವಿ ಸರಣಿಯಾದದ್ದೂ ಉಂಟು.

ಕೊಳಚೆಗೆ ಬಂದು ಮನೆಮಾಡಿದ ಮೇಷ್ಟ್ರು

ಕೋಟೆಯ ಕೆಳಗೆ ಬಿಳಿ ಗೋಡೆ, ಕೆಂಪು ಚಾವಣಿಯ ಮನೆಗಳ ಗುಂಪೊಂದಿದೆ. ಹೆಸರು ರಾಮ್ಸೆ ಗಾರ್ಡನ್. ಅದರ ಹಿಂದಿರುವ ವ್ಯಕ್ತಿ ಪ್ಯಾಟ್ರಿಕ್ ಗೆಡ್ಡಿಸ್. ಹುಟ್ಟಿದ್ದು 1854ರಲ್ಲಿ, ಕಲಿಸುತ್ತಿದ್ದದ್ದು ಸಸ್ಯಶಾಸ್ತ್ರ, ಹಚ್ಚಿಕೊಂಡದ್ದು ಊರುಗಳ ಹುಚ್ಚು.

1880ರ ದಶಕದಲ್ಲಿ ಉಳ್ಳವರೆಲ್ಲ ಹೊಸ ಊರಿನಲ್ಲಿದ್ದಾಗ ಗೆಡ್ಡಿಸ್ ಮತ್ತು ಹೆಂಡತಿ ಆ್ಯನಾ ಹಳೇ ಊರಿನ ಕೊಳಚೆಯಾಗಿದ್ದ ಜೇಮ್ಸ್ ಕೋರ್ಟಿಗೆ ಬಂದು ಬಾಡಿಗೆಗಿದ್ದರು. ಗೋಡೆಗೆ ಸುಣ್ಣ ಹೊಡೆಸಿದರು, ಕಿಟಕಿಗಳಲ್ಲಿ ಹೂವಿನ ಗಿಡ ಇಡಿಸಿದರು, ನೆರೆಹೊರೆಯವರನ್ನು ಕಟ್ಟಿಕೊಂಡು ಹಿತ್ತಿಲು ಗುಡಿಸಿದರು. ಹಳೇ ಓಣಿಗಳನ್ನು ಪೂರ್ತಿ ನೆಲಸಮ ಮಾಡುವುದೇ ಅಂದಿನ ನಗರ ಸುಧಾರಣೆ. ಗೆಡ್ಡಿಸ್ ಅದನ್ನು ಒಪ್ಪಲಿಲ್ಲ. ತೀರಾ ಕೆಟ್ಟ ಮನೆಯೊಂದನ್ನು ತೆಗೆದು ಗಾಳಿಬೆಳಕಿಗೆ ಜಾಗ ಮಾಡಿ, ಮಿಕ್ಕದ್ದನ್ನು ರಿಪೇರಿ ಮಾಡಿ, ಇದ್ದ ಜನರನ್ನು ಇದ್ದಲ್ಲೇ ಇರಗೊಡಿ ಎಂಬುದು ಆತನ ದಾರಿ. ವಿದ್ಯಾರ್ಥಿಗಳಿಗೆ ಹಾಸ್ಟೆಲ್ ತೆರೆದು, ರಾಮ್ಸೆ ಗಾರ್ಡನ್ ಕಟ್ಟಿಸಿ, ಊರು ಬಿಟ್ಟು ಹೋದವರು ಮರಳಿ ಬರುವಂತೆ ಮಾಡಿದ.

1914ರಲ್ಲಿ ಗೆಡ್ಡಿಸ್ ಭಾರತಕ್ಕೆ ಬಂದ. ಒಂದು ದಶಕದಲ್ಲಿ ಹತ್ತಾರು ಊರುಗಳ ಓಣಿ ತುಳಿದು ವರದಿ ಬರೆದ, ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕನಾದ. 1914–15ರಲ್ಲಿ ಮದ್ರಾಸ್ ಪ್ರಾಂತ್ಯದ ಊರುಗಳ ಬಗ್ಗೆ ಬರೆದ ವರದಿಗಳಲ್ಲಿ ನಮ್ಮ ಬಳ್ಳಾರಿಯೂ ಇದೆ. ನಕ್ಷೆಯ ಮೇಲೆ ಸ್ಕೇಲಿಟ್ಟು ನೇರ ರಸ್ತೆ ಎಳೆದು ನೂರಾರು ಮನೆ ಉರುಳಿಸುವ ಅಧಿಕಾರಿಗಳಿಗೆ ಎಡಿನ್‌ಬರಾದ ಓಣಿಯಲ್ಲಿ ಕಲಿತ ಪಾಠವನ್ನೇ ಆತ ಭಾರತದುದ್ದಕ್ಕೂ ಹೇಳಿದ. ಗುಡಿ, ಬಾವಿ, ಕಟ್ಟೆ, ಮರ ಇವು ಊರಿನ ಅಡ್ಡಿಗಳಲ್ಲ, ಅಂಗಗಳು ಎಂಬುದು ಆತನ ನಿಲುವು.

[ಬಾಕ್ಸ್] ಹಾದಿಯಲ್ಲಿ ಕನ್ನಡ ನಾಡು

* ಲಂಡನ್: ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು.
* ಲಂಡನ್: ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿ ಇದೆ. ಅದರ ಹೊಟ್ಟೆಯೊಳಗೆ ವಾದ್ಯದ ಯಂತ್ರವಿದೆ.
* ಎಡಿನ್‌ಬರಾ: 1799ರ ಮೇ 4ರ ರಾತ್ರಿ ಟಿಪ್ಪುವಿನ ದೇಹ ಪತ್ತೆಯಾದ ಸನ್ನಿವೇಶದ ಭಾರಿ ಚಿತ್ರವನ್ನು ಡೇವಿಡ್ ವಿಲ್ಕಿ 1830ರ ದಶಕದಲ್ಲಿ ಬರೆದ. ಅದು ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಗ್ಯಾಲರಿಗಳ ಸಂಗ್ರಹದಲ್ಲಿದೆ. ಚಿತ್ರದ ನಾಯಕ, ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್ ಅದಕ್ಕೂ ಮೊದಲು ಶ್ರೀರಂಗಪಟ್ಟಣದಲ್ಲಿ ಹಲವು ವರ್ಷ ಸೆರೆಯಾಳಾಗಿದ್ದವನು.

ನೋಡುವವರ ಬಾಡಿಗೆ

ಬಳಕೆಯಿಂದ ಉಳಿದ ಊರುಗಳಿಗೆ ಈಗ ಬಳಕೆಯೇ ಸವಾಲು. ಎಡಿನ್‌ಬರಾದ ಹಳೇ ಓಣಿಗಳ ಬಾಗಿಲ ಪಕ್ಕ ಕೀಲಿ ಇಡುವ ಪುಟ್ಟ ಪೆಟ್ಟಿಗೆಗಳು ಸಾಲುಗಟ್ಟಿವೆ. ಒಂದೊಂದು ಪೆಟ್ಟಿಗೆಯ ಹಿಂದೆ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಹೋದ ಒಂದೊಂದು ಮನೆ. ಆಗಸ್ಟಿನ ಒಂದು ರಾತ್ರಿಯ ದರ ಕೇಳಿದರೆ ಮನೆ ಮಾಲೀಕ ಸಂಸಾರಸ್ಥರಿಗೆ ತಿಂಗಳ ಬಾಡಿಗೆಗೆ ಯಾಕೆ ಕೊಡುತ್ತಿಲ್ಲ ಎಂಬುದು ತಿಳಿಯುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದ, ದಿನಸಿ ಅಂಗಡಿಯಿಲ್ಲದ ಓಣಿ ಎಷ್ಟೇ ಚೆಂದವಿದ್ದರೂ ಅದು ನಾಟಕದ ಪರದೆ.

ನಗರಾಡಳಿತ ಸುಮ್ಮನೆ ಕೂತಿಲ್ಲ. 2022ರಲ್ಲಿ ಇಡೀ ಎಡಿನ್‌ಬರಾವನ್ನು ಅಲ್ಪಾವಧಿ ಬಾಡಿಗೆಯ ನಿಯಂತ್ರಣ ವಲಯ ಎಂದು ಘೋಷಿಸಿತು. ಇಡೀ ಮನೆಯನ್ನು ಹೊಸದಾಗಿ ಪ್ರವಾಸಿಗರಿಗೆ ಬಿಡಬೇಕೆಂದರೆ ಅನುಮತಿ ಬೇಕು. 2026ರ ಜುಲೈ 24ರಿಂದ ತಂಗುವವರು ವಾಸ್ತವ್ಯದ ದರದ ಮೇಲೆ ಶೇ 5ರಷ್ಟು ಪ್ರವಾಸಿ ತೆರಿಗೆ ಕೊಡಬೇಕು, ಒಂದೇ ಕಡೆ ಸತತ ಐದು ರಾತ್ರಿಗಳವರೆಗೆ. ಸ್ಕಾಟ್ಲೆಂಡ್‌ನಲ್ಲಿ ಇಂಥ ತೆರಿಗೆಗೆ ಮುಂದಾದ ಮೊದಲ ನಗರ ಇದೇ.

ಹೋಗುವವರು ಮಾಡಬಹುದಾದದ್ದೂ ಇದೆ. ಎಡಿನ್‌ಬರಾದಲ್ಲಿ ಓಣಿಯ ಮನೆಯ ಬದಲು ಹೋಟೆಲ್, ಹಾಸ್ಟೆಲ್ ಹಿಡಿಯಿರಿ. ಜೇಬು ಹಗುರವಿದ್ದರೆ ಟ್ರಾಮ್ ಹತ್ತಿ ಲೀತ್ ಬಂದರಿನ ಕಡೆ ಉಳಿಯಿರಿ, ಇಲ್ಲವೇ ಹಬ್ಬ ಮುಗಿದ ಸೆಪ್ಟೆಂಬರಿಗೆ ಹೋಗಿ. ಶಾಂಬಲ್ಸ್‌ನಲ್ಲಿ ಫೋಟೊ ತೆಗೆದ ಮೇಲೆ ಊಟಕ್ಕೆ ಪಕ್ಕದ ಮಾರ್ಕೆಟ್ಟಿಗೆ ನಡೆಯಿರಿ. ಒಂದು ದಿನಕ್ಕೆ ಎರಡು ಊರು ಮುಗಿಸುವ ಹಟ ಬಿಟ್ಟು ಒಂದು ಊರಿಗೆ ಎರಡು ದಿನ ಕೊಡಿ. ಸಂಜೆ ಬಸ್ಸುಗಳೆಲ್ಲ ಹೊರಟುಹೋದ ಮೇಲೆ ಊರಿನವರು ಬೀದಿಗೆ ಇಳಿಯುತ್ತಾರೆ, ನೋಡಬೇಕಾದದ್ದು ಆಗಲೇ.

ಇನ್ನು ಹೋಟೆಲ್ ಬಿಲ್ಲಿನ ಕೊನೆಯಲ್ಲಿ ಆ ಶೇ 5 ಕಂಡಾಗ ಗೊಣಗಬೇಡಿ. ಕಟುಕರು, ಬಿಷಪ್ಪರು, ಗಿರಣಿಯವರು ತಮ್ಮ ತಮ್ಮ ಕಾಲಕ್ಕೆ ಈ ಊರುಗಳಿಗೆ ಬಾಡಿಗೆ ಕಟ್ಟಿ ಹೋದರು. ಇದು ನಮ್ಮ ಪಾಳಿ.